ಮಾತಾಡುವಷ್ಟು ವೇಗ

"ಯಾರ ಮೇಲೆ ಇಷ್ಟು ಸಿಟ್ಟು ನಿಮಗೆ?"

ಪಕ್ಕದಲ್ಲೇ ಕೇಳಿಬಂದ ಗಂಡಸಿನ ದನಿಗೆ ಮಾಧುರಿ ಬೆಚ್ಚಿ ನಿಂತೇಬಿಟ್ಟಳು.

ಅಮೆರಿಕದ ಫಾಸ್ಟರ್ ಸಿಟಿಯಲ್ಲಿ ಕೊಲ್ಲಿಯ ಅಂಚಿಗೇ ಹಾದುಹೋಗುವ ಕಾಲುದಾರಿ. 1999ರ ಅಕ್ಟೋಬರ್ ತಿಂಗಳ ಒಂದು ಶನಿವಾರದ ಬೆಳಗು. ಎದುರುಗಾಳಿ ಬೀಸುತ್ತಿತ್ತು. ಓಟದ ಗುಂಪಿನ ಉಳಿದವರನ್ನೆಲ್ಲ ಬಹಳ ಹಿಂದೆ ಬಿಟ್ಟು, ಹಲ್ಲು ಕಚ್ಚಿಕೊಂಡು ಒಬ್ಬಳೇ ಓಡುತ್ತಿದ್ದಳು ಅವಳು. ಈಗ ಮೊಣಕಾಲಿನ ಮೇಲೆ ಕೈಯೂರಿ, ಬಗ್ಗಿ, ಏದುಸಿರು ಬಿಡುತ್ತ ತಲೆಯೆತ್ತಿದಳು.

"ಏ... ಏನಂದ್ರಿ?"

"ಅಲ್ಲ, ನೀವು ನೆಲಕ್ಕೆ ಕಾಲು ಹೊಡೆಯುವುದು ನೋಡಿ ಕೇಳಿದೆ. ಯಾರನ್ನೋ ತುಳಿದ ಹಾಗೆ ಓಡ್ತಾ ಇದ್ದೀರಿ."

ಎತ್ತರದ, ಬಿಸಿಲಿಗೆ ಕಪ್ಪಾದ ಮನುಷ್ಯ. ಅವನಿಗೆ ಏದುಸಿರೂ ಇರಲಿಲ್ಲ!

"ಹೀಗೆ ಓಡಿದ್ರೆ ಮ್ಯಾರಥಾನ್ ಮುಗಿಸ್ಲಿಕ್ಕೆ ಆಗ್ಲಿಕ್ಕಿಲ್ಲ. ಮೊಣಕಾಲು ಹೋಗ್ತದೆ ಅಷ್ಟೆ."

ಎಂಥ ಸೊಕ್ಕು! ಮಾಧುರಿಗೆ ಮೈ ಉರಿಯಿತು. ಇಲ್ಲಿನ ಕನ್ನಡಿಗರ ನಡುವೆ ಕಲಿತ ನಯನಾಜೂಕಿನ ಕನ್ನಡವೆಲ್ಲ ಗಾಳಿಗೆ ಹಾರಿಹೋಯಿತು.

"ನೀವ್ಯಾರ್ರೀ ಕೇಳ್ಲಿಕ್ಕೆ? ನನ್ನ ಕಾಲು, ನನ್ನ ಮೊಣಕಾಲು! ಹೋದ್ರ ನನಗ ಹೋಗ್ತದ!"

ಅವನು ನಕ್ಕ. "ಧಾರವಾಡದ ಕಡೆಯವರಾ? ನಾನು ಸಂಪತ್. ಊರು ಉಡುಪಿ. ಸುರೇಶಣ್ಣನ ಗುಂಪಿನವನೇ."

ಅವಳು ಮತ್ತೆ ಓಡತೊಡಗಿದಳು. ಆದರೆ ಎದೆಯೊಳಗೆ ಏನೋ ಅಲುಗಾಡಿತ್ತು. 'ಸಿಟ್ಟು ಇರೋದು ಖರೇನ. ಇವನಿಗೆ ಹೆಂಗ ಗೊತ್ತಾತು?'

ಮಾಧುರಿ ಮದುವೆಯಾಗಿ ಅಮೆರಿಕಕ್ಕೆ ಬಂದು ನಾಲ್ಕು ವರ್ಷವಾಗಿತ್ತು. ಆ ಮದುವೆ ಅದರಲ್ಲಿ ಅರ್ಧದಷ್ಟೂ ಬಾಳಿರಲಿಲ್ಲ. ಗಂಡ ಹೊಡೆದವನಲ್ಲ, ಬೈದವನಲ್ಲ. ಒಂದು ಸಂಜೆ ಊಟ ಮಾಡುತ್ತ, ಟೀವಿಯಿಂದ ಕಣ್ಣನ್ನೂ ಕೀಳದೆ ಹೇಳಿದ್ದ: "ಅಪ್ಪ ಮಾತು ಕೊಟ್ಟಿದ್ರು ಅಂತ ಮದುವೆ ಆದೆ. ನನ್ನ ಡ್ಯೂಟಿ ನಾನು ಮಾಡಿದೀನಿ. ಇನ್ನೇನು ಬೇಕು ನಿನಗೆ?"

ಡ್ಯೂಟಿ! ಆಸ್ಪತ್ರೆಗೆ ಕರೆದೊಯ್ದದ್ದು, ಕಾರು ಕಲಿಸಿದ್ದು, ಹುಟ್ಟುಹಬ್ಬಕ್ಕೆ ಸೀರೆ ತಂದದ್ದು... ಎಲ್ಲವೂ? ಬೈಗುಳವಾಗಿದ್ದರೆ ಮರೆಯುತ್ತಿದ್ದಳೇನೋ. ಆ ಒಂದು ಮಾತನ್ನು ಮರೆಯಲು ಆಗಲಿಲ್ಲ.

ಬೇರೆಯಾದ ಮೇಲೆ ಫಾಸ್ಟರ್ ಸಿಟಿಯ ಔಷಧ ಸಂಶೋಧನೆಯ ಲ್ಯಾಬಿನಲ್ಲಿ ಕೆಲಸ ಹಿಡಿದಳು. ಅಲ್ಲೇ ಸಣ್ಣದೊಂದು ಅಪಾರ್ಟ್‌ಮೆಂಟು. ಲ್ಯಾಬಿನ ಗೆಳತಿ ವಿಮಲಾ ಅವಳನ್ನು ಓಟಕ್ಕೆ ಎಳೆದು ತಂದಿದ್ದಳು. ವಿಮಲಾಳ ಗಂಡ ಸುರೇಶ್ ಕನ್ನಡಿಗರ ಒಂದು ಗುಂಪು ಕಟ್ಟಿಕೊಂಡು, ಮಾರ್ಚ್‌ನಲ್ಲಿ ನಡೆಯುವ ನಾಪಾ ಕಣಿವೆಯ ಮ್ಯಾರಥಾನ್‌ಗೆ ತಯಾರಿ ನಡೆಸುತ್ತಿದ್ದ. ಇಪ್ಪತ್ತಾರು ಮೈಲಿಗಿಂತ ಹೆಚ್ಚಿನ ಓಟ!

ಮುಂದಿನ ಶನಿವಾರವೂ ಸಂಪತ್ ಅವಳ ಪಕ್ಕಕ್ಕೇ ಬಂದ. "ಹೋದ ವಾರ ತಪ್ಪಾಯ್ತು. ಆದ್ರೆ ಒಂದು ಮಾತು ಹೇಳ್ಲೇಬೇಕು. ಉದ್ದದ ಓಟಕ್ಕೆ ಒಂದೇ ನಿಯಮ. ಮಾತಾಡ್ಲಿಕ್ಕೆ ಆಗುವಷ್ಟೇ ವೇಗ. ಮಾತು ನಿಂತ್ರೆ ವೇಗ ಹೆಚ್ಚಾಯ್ತು ಅಂತ ಲೆಕ್ಕ."

"ಏನು ಮಾತಾಡಬೇಕು?"

"ಎಂತದ್ದಾದ್ರೂ. ಬೆಳಿಗ್ಗೆ ಎಂತ ತಿಂದ್ರಿ?"

"ಏನೂ ಇಲ್ಲ."

"ಅಯ್ಯೋ ದೇವರೇ! ಖಾಲಿ ಹೊಟ್ಟೆಯಲ್ಲಿ ಓಡ್ಲಿಕ್ಕೆ ಬಂದದ್ದಾ?" ಜೇಬಿನಿಂದ ಬೆಲ್ಲದ ತುಂಡೊಂದನ್ನು ತೆಗೆದು ಅವಳ ಕೈಗಿಟ್ಟ.

ಮೊದಮೊದಲು ಅವಳು ಒಂದೊಂದೇ ಪದದಲ್ಲಿ ಉತ್ತರಿಸುತ್ತಿದ್ದಳು. ಮೈಲಿಗಳು ಹೆಚ್ಚಿದಂತೆ ಮಾತೂ ಹೆಚ್ಚಿತು; ಊರಿನ ಸೋದರಮಾವನ ಎಮ್ಮೆ ಕಳೆದುಹೋದ ಕಥೆಯೂ ಬಂತು.

ಸಂಪತ್ ಹಿಂದೆ ಹಡಗಿನಲ್ಲಿ ಎಂಜಿನಿಯರ್ ಆಗಿದ್ದ. ಈಗ ಓಕ್ಲ್ಯಾಂಡ್ ಬಂದರಿನಲ್ಲಿ ಕಂಟೇನರ್ ಎತ್ತುವ ದೈತ್ಯ ಕ್ರೇನುಗಳ ದುರಸ್ತಿ ಅವನ ಕೆಲಸ. ಕನ್ನಡಿಗರ ಪಾರ್ಟಿಗಳಲ್ಲೆಲ್ಲ ಆಗ ಒಂದೇ ಮಾತು: ಯಾರ ಸ್ಟಾರ್ಟಪ್ಪು ಯಾವಾಗ ಐಪಿಒ, ಯಾರಿಗೆಷ್ಟು ಸ್ಟಾಕು. ಸಂಪತ್‌ನನ್ನು ಕೇಳಿದರೆ, "ನಮ್ಮದು ಕಬ್ಬಿಣದ ಕೆಲಸ ಮಾರಾಯ್ರೆ, ಸ್ಟಾಕು ಅಂದ್ರೆ ಗ್ರೀಸ್ ಡಬ್ಬಿ ಮಾತ್ರ" ಎಂದು ನಗುತ್ತಿದ್ದ.

ಅವಳಿಗೆ ಅವನ ನಗು ಹಿಡಿಸತೊಡಗಿತು.

"ಹಡಗಿನಾಗ ಹೆಂಗ ಓಡ್ತಿದ್ರಿ?" ಎಂದು ಒಮ್ಮೆ ಕೇಳಿದಳು.

"ಡೆಕ್ಕಿನ ಮೇಲೆ ಸುತ್ತು ಹೊಡೀತಿದ್ದೆ. ಸುತ್ತಲೂ ನೀರು, ಎಲ್ಲಿಗೂ ಹೋಗ್ಲಿಕ್ಕೆ ಇಲ್ಲ. ಮಾತಾಡ್ಲಿಕ್ಕೆ ಸಹ ಯಾರೂ ಇಲ್ಲ." ಅವಳತ್ತ ತಿರುಗಿ ಹೇಳಿದ, "ಈಗ ಪರವಾಗಿಲ್ಲ."

ಆ 'ಈಗ' ಎಂಬ ಪದವನ್ನು ಮಾಧುರಿ ಮನೆಯವರೆಗೂ ಹೊತ್ತು ತಂದಳು.

ಚಳಿಗಾಲ ಬಂತು. ಬೆಟ್ಟದ ತಪ್ಪಲಿನ ಜಲಾಶಯದ ದಂಡೆಯಲ್ಲಿ ಓಡುವಾಗ ಮಂಜಿನೊಳಗಿನಿಂದ ಜಿಂಕೆಗಳು ತಲೆಯೆತ್ತಿ ನೋಡುತ್ತಿದ್ದವು. ಅವಳು ಅಂಟಿನ ಉಂಡಿ ಕಟ್ಟಿ ತರುತ್ತಿದ್ದಳು. "ಇದರಲ್ಲಿ ಎಂತ ಹಾಕ್ತೀರಿ? ತಿಂದ ಮೇಲೆ ಕಾಲು ತಾನಾಗಿ ಓಡ್ತದೆ!" ಎಂದು ಅವನು ಎರಡೆರಡು ತಿನ್ನುತ್ತಿದ್ದ.

ಅಲ್ಲೇ ಒಂದು ದಿನ, ಏರುದಾರಿಯಲ್ಲಿ, ಯಾರಿಗೂ ಹೇಳದ ತನ್ನ ಮದುವೆಯ ಕಥೆಯನ್ನು ಅವನಿಗೆ ಹೇಳಿದಳು. ಮುಖ ನೋಡದೆ, ಪಕ್ಕಪಕ್ಕ ಓಡುತ್ತ ಹೇಳುವುದು ಎಷ್ಟು ಸುಲಭ! ಸಂಪತ್ ಸಮಾಧಾನದ ಮಾತೊಂದನ್ನೂ ಆಡಲಿಲ್ಲ. ಅವಳ ಕಣ್ಣು ತುಂಬಿ ದಾರಿ ಮಸುಕಾದಾಗ ಮಾತ್ರ, "ಎಡಕ್ಕೆ ಬೇರು ಉಂಟು, ಜಾಗ್ರತೆ" ಎಂದ.

ಅಂದು ರಾತ್ರಿ ಅವಳಿಗೆ ವರ್ಷಗಳ ನಂತರ ಚೆನ್ನಾಗಿ ನಿದ್ದೆ ಬಂತು.

ಫೆಬ್ರವರಿಯಲ್ಲಿ ತಯಾರಿಯ ಅತಿ ಉದ್ದದ ಓಟ. ಇಪ್ಪತ್ತು ಮೈಲಿ. ಮುಗಿಸಿದಾಗ ಮಾಧುರಿ ನಂಬಲಾರದೆ ನಿಂತಳು. "ನಾ ಓಡಿದ್ನಾ? ನಾನು?" ಸಂಪತ್ ಅವಳನ್ನೇ ನೋಡುತ್ತಿದ್ದ. ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಸುರೇಶ್ ಕೂಗಿದ, "ಎಲ್ರೂ ನಮ್ಮನೇಗೆ ಬನ್ರಪ್ಪಾ! ಬಿಸಿಬೇಳೆಬಾತ್ ರೆಡಿ ಇದೆ!"

ಸರಟೋಗಾದ ಆ ಮನೆಯಲ್ಲಿ ನಗು, ಗದ್ದಲ. ಮಾಧುರಿ ಅಡುಗೆಮನೆಯಲ್ಲಿ ವಿಮಲಾಳ ಜೊತೆ ಸೌತೆಕಾಯಿ ಹೆಚ್ಚುತ್ತಿದ್ದಳು. ಹೊರಗಿನ ಹಾಲಿನಿಂದ ಸುರೇಶನ ದನಿ ಕೇಳಿತು.

"ಮಾಧುರಿ ಇಪ್ಪತ್ತು ಮೈಲಿ ಓಡಿದ್ರಲ್ಲಾ, ಕ್ರೆಡಿಟ್ಟು ನಂದು ಕಣ್ರೋ! ಮೊದಲನೇ ದಿನಾನೇ ನಾನು ಸಂಪತ್‌ಗೆ ಡ್ಯೂಟಿ ಹಾಕ್ದೆ. ಹೊಸಬರು, ಅರ್ಧಕ್ಕೆ ಬಿಟ್ಟು ಹೋಗ್ಬಾರ್ದು, ನೀನು ಜೊತೇಲೇ ಓಡು ಅಂತ. ಪಾಪ, ಅವನು ತನ್ನ ಸ್ಪೀಡೆಲ್ಲ ಬಿಟ್ಟು ಇವರ ಜೊತೆ ನಡ್ಕೊಂಡು ಬಂದಿದಾನೆ!"

ಎಲ್ಲರೂ ನಕ್ಕರು.

ಮಾಧುರಿಯ ಕೈಯಲ್ಲಿದ್ದ ಚಾಕು ನಿಂತಿತು.

ಡ್ಯೂಟಿ...

ಬೆಲ್ಲದ ತುಂಡು. ಜಲಾಶಯದ ದಂಡೆ. ಅಷ್ಟೆಲ್ಲ ಮಾತು. ಎಲ್ಲವೂ... ಮತ್ತೆ?

ಹೊಟ್ಟೆ ಸರಿಯಿಲ್ಲವೆಂದು ವಿಮಲಾಳಿಗೆ ಹೇಳಿ ಹೊರಗೆ ಬಂದಳು. ಕಾರಿನ ಬಾಗಿಲು ತೆಗೆಯುವಷ್ಟರಲ್ಲಿ ಸಂಪತ್ ಹಿಂದೆಯೇ ಓಡಿ ಬಂದಿದ್ದ.

"ಊಟ ಮಾಡದೆ ಹೊರಟ್ರಿ? ಎಂತ ಆಯ್ತು?"

"ಒಂದ ಮಾತು ಕೇಳ್ತೀನಿ, ಖರೇ ಹೇಳ್ರಿ. ಸುರೇಶ್ ಅವರು ನಿಮಗ ಡ್ಯೂಟಿ ಹಾಕಿದ್ರೇನು? ನನ್ನ ಜೋಡಿ ಓಡು ಅಂತ?"

ಅವನ ಮುಖ ಬಿಳಿಚಿತು. ಸುಳ್ಳು ಹೇಳಲು ಬಾರದ ಮನುಷ್ಯ. "ಹೌದು, ಹೇಳಿದ್ದ. ಆದ್ರೆ ಮಾಧುರಿಯವರೇ..."

"ಸಾಕು!" ಅವಳು ಕಾರಿನ ಬಾಗಿಲು ಎಳೆದಳು. "ನಾ ನಿಮಗ ಎಲ್ಲಾ ಹೇಳಿದ್ದೆ. ಎಲ್ಲಾ! ಆವಾಗರೆ ಹೇಳಬಹುದಿತ್ತಲ್ರೀ? ಯಾರಿಗೂ ನಾ ಡ್ಯೂಟಿ ಆಗೂದು ಬ್ಯಾಡ. ನಿಮ್ಮ ಕೆಲಸ ಮುಗೀತು. ಇನ್ನ ನನ್ನಷ್ಟಕ್ಕ ನಾ ಓಡ್ತೀನಿ."

ಫ್ರೀವೇಗೆ ಬರುವವರೆಗೂ ಅಳಲಿಲ್ಲ. ಆಮೇಲೆ ತಡೆಯಲಾಗಲಿಲ್ಲ.

ಅದಾದ ಮೇಲಿನ ಶನಿವಾರಗಳಲ್ಲಿ ಅವಳು ಗುಂಪಿಗೆ ಹೋಗಲಿಲ್ಲ. ಕೊಲ್ಲಿಯ ದಂಡೆಯಲ್ಲಿ ಒಬ್ಬಳೇ ಓಡಿದಳು. ಅವನು ಕರೆ ಮಾಡಿದರೆ ಎತ್ತಲಿಲ್ಲ. ಆನ್ಸರಿಂಗ್ ಮೆಷಿನ್ನಿನಲ್ಲಿ ಒಮ್ಮೆ ಅವನ ದನಿ ಇತ್ತು. "ನಾನು ಸಂಪತ್. ಅದು... ಹೇಳ್ಲಿಕ್ಕೆ ಉಂಟು. ಆದ್ರೆ ಈ ಮೆಷಿನಿಗೆ ಹೇಳುವ ಮಾತಲ್ಲ." ಒಂದು ದೀರ್ಘ ಉಸಿರು. ಮತ್ತೆ ಟಪ್ಪೆಂದು ಫೋನಿಟ್ಟ ಸದ್ದು.

ಆ ಉಸಿರನ್ನು ಎಷ್ಟು ಸಲ ಕೇಳಿದಳೋ! ಅಳಿಸಿಹಾಕಲು ಮಾತ್ರ ಕೈ ಬರಲಿಲ್ಲ.

ಮ್ಯಾರಥಾನ್ ದಿನ. ದ್ರಾಕ್ಷಿ ಬಳ್ಳಿಗಳೆಲ್ಲ ಬೋಳಾಗಿದ್ದವು. ಅವುಗಳ ಸಾಲುಗಳ ನಡುವೆ ಸಾಸಿವೆ ಹೂ ಬಿಟ್ಟು, ನಾಪಾ ಕಣಿವೆ ಉದ್ದಕ್ಕೂ ಹಳದಿ ಹಾಸಿದಂತಿತ್ತು. ಗುಂಪಿನವರ ನಡುವೆ ದೂರದಲ್ಲಿ ಸಂಪತ್ ಕಂಡ. ಅವನೂ ನೋಡಿದ. ಇಬ್ಬರೂ ಕಣ್ಣು ತಪ್ಪಿಸಿದರು. ಓಟ ಶುರುವಾದೊಡನೆ ಅವನು ಬಾಣದಂತೆ ಮುಂದೆ ಹೋಗಿ ಮರೆಯಾದ.

'ನೋಡು, ಇದು ಅವನ ಖರೇ ವೇಗ,' ಅಂದುಕೊಂಡಳು ಮಾಧುರಿ. 'ಇಷ್ಟು ದಿನ ನಾನು ಹಿಡಿದು ನಿಲ್ಲಿಸಿದ್ದೆ.'

ಅವಳು ತನ್ನ ಪಾಡಿಗೆ ತಾನು ಓಡಿದಳು. ಪಕ್ಕದಲ್ಲಿದ್ದ ಬಿಳಿಗೂದಲಿನ ಅಮೆರಿಕನ್ ಅಜ್ಜಿಯೊಬ್ಬಳೊಡನೆ ಮಾತಾಡುತ್ತ, ತಿರುವುಗಳನ್ನು ದಾಟುತ್ತ. ಆಶ್ಚರ್ಯ! ಕಾಲು ಸೋಲಲಿಲ್ಲ, ಎದೆ ಕಟ್ಟಲಿಲ್ಲ.

ಇಪ್ಪತ್ತನೇ ಮೈಲಿಯ ಫಲಕ ದಾಟಿದ ಮೇಲೆ, ದ್ರಾಕ್ಷಿತೋಟದ ಬೇಲಿಗೆ ಒರಗಿ, ಕಾಲು ಚಾಚಿ ಕುಳಿತವನೊಬ್ಬ ಕಂಡ.

ಸಂಪತ್!

ತುಟಿ ಒಣಗಿತ್ತು. ಒಂದು ಮೀನಖಂಡವನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದ. ಮಾಧುರಿಯ ಕಾಲು ತಾನಾಗಿ ನಿಂತಿತು.

"ಏನಾತ್ರೀ?"

"ಎಂತ ಇಲ್ಲ, ಸ್ನಾಯು ಸೆಳೆತ. ನೀವು ಹೋಗಿ. ಹಿಂದಿನಿಂದ ವ್ಯಾನು ಬರ್ತದೆ, ಹತ್ತಿ ಹೋಗ್ತೇನೆ."

"ನೀವು ಇಷ್ಟು ಚಲೋ ಓಡೋರು, ಹಿಂಗ ಹೆಂಗ ಆತು?"

ಅವನು ತಲೆ ತಗ್ಗಿಸಿದ. "ವೇಗ ಗೊತ್ತಾಗಲಿಲ್ಲ. ಪಕ್ಕದಲ್ಲಿ ಮಾತಾಡುವವರು ಇರಲಿಲ್ಲ, ಅಲ್ವಾ?"

ಹಿಂದಿನಿಂದ ಬಂದವರೆಲ್ಲ ದಾಟಿ ಹೋಗುತ್ತಿದ್ದರು. ಅವಳ ಕಾಲಲ್ಲಿ ಇನ್ನೂ ಬಲವಿತ್ತು. ಹೊರಟರೆ ಒಂದೇ ಬಿರುಸಿನಲ್ಲಿ ಮುಗಿಸಿಬಿಡಬಹುದಿತ್ತು. ಆದರೆ ಮನಸ್ಸು ಒಂದು ಹೆಜ್ಜೆಯೂ ಮುಂದಕ್ಕೆ ಒಪ್ಪಲಿಲ್ಲ. ನೆಲಕ್ಕೆ ಕುಳಿತು ಅವನ ಪಾದವನ್ನು ಹಿಡಿದು ಮೆಲ್ಲಗೆ ಹಿಂದಕ್ಕೆ ಒತ್ತಿದಳು.

"ಅಯ್ಯೋ, ಎಂತ ಮಾಡ್ತಿದ್ದೀರಿ? ನಿಮ್ಮ ಓಟ ಹಾಳಾಗ್ತದೆ!"

"ಆಗಲಿ. ಸುಮ್ನ ಕೂಡ್ರಿ."

"ಆದ್ರೆ ಯಾಕೆ..."

"ಯಾಕಂದ್ರ..." ಅವಳು ತಡವರಿಸಿದಳು. ತನ್ನನ್ನು ಇಲ್ಲಿ ನಿಲ್ಲಿಸಿದವರು ಯಾರು? ಯಾರೂ ಹೇಳಿರಲಿಲ್ಲವಲ್ಲ! ಇವನನ್ನು ಬಿಟ್ಟು ಆ ಗೆರೆ ಮುಟ್ಟುವುದಕ್ಕಿಂತ ಇವನೊಡನೆ ಈ ಧೂಳಲ್ಲಿ ಕುಳಿತಿರುವುದೇ ಹಿತವಾಗಿತ್ತು, ಅಷ್ಟೆ. ಹಾಗಾದರೆ ಇವನಿಗೂ... ಆ ಎಲ್ಲ ಶನಿವಾರಗಳಲ್ಲಿ...

ತಲೆಯೆತ್ತಿದಳು. ಕಣ್ಣಲ್ಲಿ ನೀರು.

"ಅವತ್ತ ನೀವು ಏನೋ ಹೇಳೂದಿತ್ತು. ನಾ ಹೇಳಗೊಡಲಿಲ್ಲ. ಈಗ ಹೇಳ್ರಿ."

ಸಂಪತ್ ಅವಳ ಭುಜ ಹಿಡಿದು ಎದ್ದ. ಕುಂಟುತ್ತ ನಡೆಯತೊಡಗಿದರು ಇಬ್ಬರೂ.

"ಸುರೇಶಣ್ಣ ಹೇಳಿದ್ದು ಹೌದು. ಎರಡು ವಾರಕ್ಕೆ. ಮೂರನೇ ವಾರ ಅವನೇ ಬಂದು, 'ಸಾಕು ಸಂಪತ್, ಇನ್ನು ಅವರು ಓಡ್ತಾರೆ, ನೀನು ಫಾಸ್ಟ್ ಗುಂಪಿಗೆ ಹೋಗು' ಅಂದ. ನಾನು ಹೋಗಲಿಲ್ಲ."

"ಯಾಕ?"

"ನೀವು ಸೋದರಮಾವನ ಎಮ್ಮೆ ಕಳೆದುಹೋದ ಕಥೆಯನ್ನು ಅರ್ಧಕ್ಕೆ ನಿಲ್ಲಿಸಿದ್ರಿ. ಮುಂದೆ ಎಂತ ಆಯ್ತು ಅಂತ ಗೊತ್ತಾಗಬೇಕಿತ್ತು."

ಅಳುತ್ತಿದ್ದವಳಿಗೆ ಫಕ್ಕನೆ ನಗು ಬಂತು.

"ಎಮ್ಮಿ ಸಿಕ್ಕ ಮ್ಯಾಲ?"

"ಆಮೇಲೆ ಕಾರಣ ಹುಡುಕ್ಲಿಕ್ಕೆ ಹೋಗಲಿಲ್ಲ. ಶನಿವಾರ ಯಾವಾಗ ಬರ್ತದೆ ಅಂತ ಕಾಯ್ತಾ ಇದ್ದೆ." ಅವನು ನಿಂತ. "ನೀವು ನಿಮ್ಮ ಕಥೆ ಹೇಳಿದ ದಿನವೇ ನಾನು ಇದನ್ನು ಹೇಳಬೇಕಿತ್ತು. ಹೆದರಿದೆ. ಡ್ಯೂಟಿ ಅನ್ನುವ ಮಾತು ನಿಮಗೆ ಎಷ್ಟು ನೋವು ಅಂತ ಗೊತ್ತಾಯ್ತಲ್ಲ. ಅದಕ್ಕೇ ಬಾಯಿ ಬರಲಿಲ್ಲ. ಅದು ನನ್ನ ತಪ್ಪು. ಮಾಧುರಿಯವರೇ, ನಿಮ್ಮ ಮೇಲೆ ನನಗೆ ತುಂಬ ಪ್ರೀತಿ ಉಂಟು."

ಸಾಸಿವೆ ಹೂವಿನ ಮೇಲೆ ಬಿಸಿಲು ಏರುತ್ತಿತ್ತು. ಮಾಧುರಿ ಅವನ ತೋಳನ್ನು ತನ್ನ ಹೆಗಲ ಮೇಲೆ ಸರಿಯಾಗಿ ಎಳೆದುಕೊಂಡು, ಸೊಂಟ ಬಳಸಿ ಹಿಡಿದಳು.

"ನನಗೂ ರೀ," ಎಂದಳು, ಎಷ್ಟೋ ದೂರ ನಡೆದ ಮೇಲೆ.

ಅವರು ಗೆರೆ ದಾಟುವಾಗ ಪೆಂಡಾಲು ಬಿಚ್ಚುವವರು ಆಗಲೇ ಬಂದಿದ್ದರು. ವಿಮಲಾ ಕಿರುಚಿಕೊಂಡು ಬಂದು ಇಬ್ಬರ ಕೊರಳಿಗೂ ಪದಕ ಹಾಕಿಸಿದಳು. ಜೋಡಿಸಿದ ಅವರ ಕೈಗಳನ್ನು ನೋಡಿ ಸುರೇಶ್ ಏನೋ ತಮಾಷೆ ಮಾಡಹೊರಟ. ವಿಮಲಾ ಅವನ ಕಿವಿ ಹಿಡಿದು ಅತ್ತ ಎಳೆದೊಯ್ದಳು.

ಇಬ್ಬರೂ ಹುಲ್ಲಿನ ಮೇಲೆ ಕುಸಿದು ಕುಳಿತರು.

"ಒಂದು ಕೇಳ್ಲಾ?" ಎಂದ ಸಂಪತ್.

"ಇನ್ನೇನು ಉಳದದ ಕೇಳೂದು?"

"ಇನ್ನು ಮುಂದೆ... ನೀನು ಅಂತ ಕರೀಬಹುದಾ?"

ಮಾಧುರಿಯ ಕೆನ್ನೆ ಕೆಂಪಾಯಿತು. ಹುಲ್ಲಿನ ಎಸಳೊಂದನ್ನು ಕಿತ್ತು ಬೆರಳಿಗೆ ಸುತ್ತುತ್ತ ಕೇಳಿದಳು, "ನಾನೂ ಅನ್ನಬಹುದೇನು?"

"ಅದಕ್ಕೆಂತ ಕೇಳುವುದು?"

"ಹಂಗಾದ್ರ ನೀ ಮೊದಲ ಏಳು. ಎದ್ದು ನನಗ ಕೈ ಕೊಡು."

ಅವನು ಏಳಲು ನೋಡಿದ. ಕಾಲು ಕೇಳಲಿಲ್ಲ. ಮತ್ತೆ ಅವಳ ಪಕ್ಕಕ್ಕೇ ದೊಪ್ಪೆಂದು ಕುಳಿತ.

"ಆಗ್ತಾ ಇಲ್ಲ ಮಾರಾಯ್ತಿ! ಸ್ವಲ್ಪ ಹೊತ್ತು ಇಲ್ಲೇ ಕೂತ್ಕೊಳ್ಳುವನಾ?"

ಅವಳು ಅವನ ಭುಜಕ್ಕೆ ತಲೆಯಾನಿಸಿದಳು.

"ಕೂಡೋಣು," ಎಂದಳು. "ನೀ ಏಳೋ ತನಕ ನಾನೂ ಏಳೂದಿಲ್ಲ."