ಎಕರೆ ಮತ್ತು ಗುಂಟೆಯ ನಡುವೆ

1987ರ ನವೆಂಬರ್ 18, ಬೆಳಿಗ್ಗೆ. ಅಣೆಕಟ್ಟಿನ ಮುಳುಗಡೆ ಸಂತ್ರಸ್ತರ ಕಚೇರಿಯ ಅಧಿಕಾರಿ ಮುಕುಂದಯ್ಯ ಸಾಗರದ ಠಾಣೆಗೆ ಬಂದು ದೂರು ಕೊಟ್ಟರು. ಹೊಸದಾಗಿ ತಂದ ಕಂಪ್ಯೂಟರಿನ ಮೇಲೆ ಯಾರೋ ರಕ್ತ ಸುರಿದಿದ್ದಾರಂತೆ. ಇನ್‌ಸ್ಪೆಕ್ಟರ್ ಗಿರಿಯಪ್ಪ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೆಬಲ್ ಜಯಪ್ಪನೊಂದಿಗೆ ಹೊರಟರು.

ಪಂಚನಾಮೆ ಶುರುವಾಯಿತು. ರಕ್ತವೆಂದು ಹೆದರಿ ಜಯಪ್ಪ ಬಾಗಿಲು ದಾಟಲಿಲ್ಲ. ಗಿರಿಯಪ್ಪ ಬೆರಳಲ್ಲಿ ಮುಟ್ಟಿ ಮೂಸಿದರು. ಅಡಿಕೆ ಬೇಯಿಸಿದ ಕೆಂಪು ನೀರು, ಚೊಗರು! ಇದೇ ಸೀಮೆಯಲ್ಲಿ ಹುಟ್ಟಿ ಬೆಳೆದು ಚೊಗರು ಕಂಡು ಹೆದರುತ್ತೀಯಲ್ಲೋ ಮಾರಾಯ ಎಂದು ಜಯಪ್ಪನನ್ನು ಛೇಡಿಸಿದರು.

ಹಿಂದಿನ ಸಂಜೆ ಕಚೇರಿಗೆ ಬಂದವರು ಯಾರೆಂದು ಜವಾನ ಶಂಭುವನ್ನು ಕೇಳಿದರು. ಅವನು ತಡವರಿಸುತ್ತ ಒಂದೇ ಹೆಸರು ಹೇಳಿದ: ಹೊಸನಗರದ ಕಡೆಯ ಬೆಳ್ಳಪ್ಪ. ಜಮೀನು ಮುಳುಗುವವರ ಪಟ್ಟಿಯಲ್ಲಿ ತನ್ನ ಹೆಸರಿಲ್ಲವೆಂದು ಕಚೇರಿಗೆ ಅಲೆದು ಚಪ್ಪಲಿ ಸವೆಸಿದವನು. ಪಟ್ಟಿಯಲ್ಲಿದ್ದವರಿಗೆ ಮಾತ್ರ ಬದಲಿ ಜಮೀನು, ಪಟ್ಟಿ ಮುಚ್ಚುವುದು ಈ ತಿಂಗಳ ಕೊನೆಗೆ.

ಹೆಸರು ಯಾಕಿಲ್ಲ? ಉತ್ತರ ಟೈಪಿಸ್ಟ್ ವರದಮ್ಮನಿಂದ ಬಂತು. ಎಕರೆ ಬರೆದು, ಸ್ವಲ್ಪ ಜಾಗ ಬಿಟ್ಟು, ಗುಂಟೆ ಬರೆಯುವುದು ಶಾನುಭೋಗರ ಕಾಲದ ರೂಢಿ. ಆಕೆ ಕಂಪ್ಯೂಟರಿಗೂ ಹಾಗೇ ಹೊಡೆದಿದ್ದಳು. ಎಲ್ಲಿಯವರೋ ಬರೆದ ಪ್ರೋಗ್ರಾಂ ಅದು, ಖಾಲಿ ಜಾಗ ಕಂಡಲ್ಲಿಗೆ ಅಂಕೆ ಮುಗಿಯಿತು ಅಂದುಕೊಂಡಿತು. ಬೆಳ್ಳಪ್ಪನ '0 35', ಅಂದರೆ ಮೂವತ್ತೈದು ಗುಂಟೆ, ಬರೀ ಸೊನ್ನೆಯಾಯಿತು. ಎಕರೆ ತುಂಬದ ಬಡವರೆಲ್ಲ ಹೀಗೇ ಭೂಹೀನರಾಗಿದ್ದರು. ಇದು ಮುಕುಂದಯ್ಯನವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಮೇಲಿನವರ ಮುಂದೆ ತಪ್ಪು ಒಪ್ಪಿಕೊಳ್ಳಬೇಕಲ್ಲ ಎಂದು ಬಾಯಿ ಮುಚ್ಚಿಕೊಂಡಿದ್ದರು. ಗಿರಿಯಪ್ಪನವರಿಗೆ ಮೈಯೆಲ್ಲ ಉರಿಯಿತು. ಆದರೆ ಆ ಉರಿಗೆ ಎಫ್‌ಐಆರ್‌ನಲ್ಲಿ ಕಲಂ ಇರಲಿಲ್ಲ.

ಮಧ್ಯಾಹ್ನದ ಬಸ್ಸಿಗೆ ಹೊಸನಗರ ತಲುಪಿದರು. ಬೆಳ್ಳಪ್ಪ ಯಾರದೋ ಅಂಗಳದಲ್ಲಿ ಕೂಲಿಗೆ ಅಡಿಕೆ ಬೇಯಿಸುತ್ತಿದ್ದ. ಓಡಲಿಲ್ಲ.

"ನೀನೇ ಸುರಿದಿದ್ದಾ?"

"ಹೌದು ಸ್ವಾಮಿ."

"ಯಾಕೆ?"

"ಮಿಷನ್ ಕೆಟ್ರೆ ಮತ್ತೆ ಕೈಲಿ ಬರೀತಾರೆ ಅಂದ್ಕಂಡೆ. ಗೇಣಿ ಅಳೆಯೋವಾಗ ಒಡೇರು ಒಂದು ಗುಂಟೆನೂ ಬಿಟ್ಟಿರ್ಲಿಲ್ಲ. ಕೋರ್ಟಿಗೆ ಅಲೆದು ಅಲೆದು ಆ ನೆಲ ನಂದು ಮಾಡ್ಕಂಡೆ. ಈಗ ನೀರಲ್ಲಿ ಮುಳುಗ್ಸೋವಾಗ ನಿಂಗೆ ನೆಲವೇ ಇಲ್ಲ ಅಂತಾರಲ್ಲ ಸ್ವಾಮಿ."

ಗಿರಿಯಪ್ಪ ಅವನನ್ನು ದಸ್ತಗಿರಿ ಮಾಡಿದರು. ಬೇಡಿ ಹಾಕಬೇಡವೆಂದು ಜಯಪ್ಪನಿಗೆ ಹೇಳಿದರು. ಅಷ್ಟು ಮಾತ್ರ ಅವರ ಕೈಲಿತ್ತು.

ಬೆಳ್ಳಪ್ಪ ಎಣಿಸಿದ್ದು ಸುಳ್ಳಾಗಲಿಲ್ಲ. ಕಂಪ್ಯೂಟರು ಕೆಟ್ಟಿದ್ದರಿಂದ ಪಟ್ಟಿಯನ್ನು ಕೈಯಲ್ಲೇ ಬರೆದರು. ಗುಂಟೆಯವರೆಲ್ಲ ಅದರಲ್ಲಿ ಸೇರಿದರು. ಒಂದು ಹೆಸರನ್ನು ಮಾತ್ರ ಮುಕುಂದಯ್ಯ ತಡೆಹಿಡಿದರು, ಕ್ರಿಮಿನಲ್ ಕೇಸು ಬಾಕಿಯಿದೆ ಎಂದು.

ಡಿಸೆಂಬರಿನಲ್ಲಿ ಬೆಳ್ಳಪ್ಪನ ಹೆಂಡತಿ ಹೂವಮ್ಮ ಠಾಣೆಗೆ ಬಂದಳು.

"ನಮ್ಮ ಕೇರಿಯೋರಿಗೆಲ್ಲ ಜಮೀನು ಬಂತಂತೆ. ನಮ್ದು ಯಾವಾಗ ಬತ್ತದೆ ಸ್ವಾಮಿ?"

ಗಿರಿಯಪ್ಪ ಅವಳಿಗೆ ಕೂರಲು ಹೇಳಿದರು. ಬೆಳ್ಳಪ್ಪನ ಕೇಸಿನ ಕಡತ ತೆಗೆದು ಮೇಜಿನ ಮೇಲಿಟ್ಟರು.