ಹದಿನಾಲ್ಕನೇ ತಾರೀಖಿನ ಮೀನು

“ಯಾವ ಮೀನು? ಎಲ್ಲಿ ಮೀನು? ಯಾರ ಹೊಟ್ಟೆಗೆ ಹೋಯ್ತು ಆ ಮೀನು?”

ಸೌಟು ಹಿಡಿದುಕೊಂಡೇ ಆಂಟಿ ಅಬಾ ತರಗತಿಯೊಳಕ್ಕೆ ನುಗ್ಗಿದಾಗ ಲೆಕ್ಕಶಾಸ್ತ್ರದ ಮೊದಲ ವರ್ಷದ ನಲವತ್ತು ಮಂದಿ ಇನ್ನೂ ಚಪ್ಪಾಳೆ ತಟ್ಟುತ್ತಿದ್ದರು. ಚಪ್ಪಾಳೆಗೆ ಕಾರಣವೂ ಇತ್ತು. ಕಾಲೇಜಿನ ಕ್ಯಾಂಟೀನಿನ ಲೆಕ್ಕವನ್ನು ಪಾಠಕ್ಕೆಂದು ತರಗತಿಗೇ ವಹಿಸಲಾಗಿತ್ತು. ಇವತ್ತು ಮೊದಲ ತಾಳೆಪಟ್ಟಿ. ಎಡಗಡೆಯ ಮೊತ್ತ, ಬಲಗಡೆಯ ಮೊತ್ತ — ಒಂದು ಪೆಸೆವಾ ಕಾಸು ಕೂಡ ಹೆಚ್ಚುಕಮ್ಮಿಯಿಲ್ಲ!

ಕಪ್ಪು ಹಲಗೆಯ ಮುಂದೆ ನಿಂತಿದ್ದ ಕ್ವಾನ್ಸಾ ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. “ಏನಮ್ಮಾ ಅಬಾ?”

“ಕಿಟಕಿ ಪಕ್ಕದಲ್ಲೇ ನನ್ನ ಒಲೆ ಇರೋದು ಸರ್, ನೀವು ಓದಿದ್ದು ಕೇಳಿಸ್ತು. ಬೂತಾಯಿ ಮೀನು, ಆರುನೂರ ನಲವತ್ತು ಸೇಡಿ ದುಡ್ಡು ಅಂದ್ರಿ. ಅಷ್ಟು ಮೀನು ನನ್ನ ಅಡುಗೆಮನೆಗೆ ಬಂದೇ ಇಲ್ಲ! ಬಂದಿದ್ರೆ ಕರೀತಿದ್ದವಳು ನಾನೇ ತಾನೆ?”

ಚಪ್ಪಾಳೆ ನಿಂತಿತು. ತಾಳೆಪಟ್ಟಿ ತಾಳೆಯಾಗಿತ್ತು, ಮೀನು ತಾಳೆಯಾಗಿರಲಿಲ್ಲ.

ಎರಡನೇ ಸಾಲಿನಲ್ಲಿ ಕೂತಿದ್ದ ವುಂಪಿನಿ ತಟ್ಟನೆ ನೆಟ್ಟಗಾದ. ಕ್ಯಾಂಟೀನಿಗೆ ಮೀನು ತರುವ ಕೆಲಸ ಅವನದು. ಉತ್ತರದ ಟಮಾಲೆಯಿಂದ ಬಸ್ಸಿನಲ್ಲಿ ಹದಿನಾಲ್ಕು ಗಂಟೆ ಕೂತು ಕೇಪ್ ಕೋಸ್ಟಿಗೆ ಬಂದವನು. ಜಿಲ್ಲೆಯವರು ಕೊಡುವ ವಿದ್ಯಾರ್ಥಿವೇತನದ ಮೇಲೆ ಓದುತ್ತಿದ್ದ. ಒಂದು ದೂರು ಹೋದರೆ ಸಾಕು, ಅದು ನಿಲ್ಲುತ್ತದೆ. ಅದು ನಿಂತರೆ ಮತ್ತೆ ಅದೇ ಬಸ್ಸು.

ಕ್ವಾನ್ಸಾ ಮೇಷ್ಟ್ರು ವೋಚರುಗಳ ಕಟ್ಟಿನಿಂದ ಒಂದು ಚೀಟಿ ಎಳೆದು ಗಟ್ಟಿಯಾಗಿ ಓದಿದರು: ಹದಿನಾಲ್ಕನೇ ತಾರೀಖು. ದೋಣಿಯಿಂದಲೇ ಇಳಿಸಿದ ಹಸಿ ಬೂತಾಯಿ, ಒಂದು ದೊಡ್ಡ ಬೇಸಿನ್, ಆರುನೂರ ನಲವತ್ತು ಸೇಡಿ. ಮಾರಿದವಳು ಮಾಮೆ ಟಾಚಿವಾ, ಹೆಬ್ಬೆಟ್ಟು. ಕೊಂಡವನು ವುಂಪಿನಿ, ಸಹಿ.

“ಇದು ನಿನ್ನ ಸಹಿಯೇನಪ್ಪಾ?”

“ನನ್ನದರ ಹಾಗೇ ಇದೆ ಸರ್. ಆದ್ರೆ ನಾನು ಹಾಕಿದ್ದಲ್ಲ. ಯಾರೋ ನನ್ನ ಸಹಿಯನ್ನ ಅಣಕಿಸಿದಾರೆ.”

ಹಿಂದಿನ ಬೆಂಚಿನಿಂದ ಕಿಸಕ್ಕನೆ ನಗು. “ಅಣಕಿಸೋದ್ರಲ್ಲಿ ನಿನ್ನ ಮೀರಿಸೋರು ಯಾರಪ್ಪಾ?”

ಅದೇ ತೊಂದರೆ. ಹಾಸ್ಟೆಲಿನಲ್ಲಿ ರಾತ್ರಿ ಊಟವಾದ ಮೇಲೆ ವುಂಪಿನಿ ಕುರ್ಚಿ ಹತ್ತಿ ಮೇಷ್ಟ್ರ ದನಿಯಲ್ಲಿ, “ಪ್ರತಿ ಡೆಬಿಟ್ಟಿಗೂ ಒಂದು ಕ್ರೆಡಿಟ್ಟು, ಮಕ್ಕಳೇ! ಕ್ರೆಡಿಟ್ ಕೊಡದೆ ಡೆಬಿಟ್ ಮಾಡೋನು ಕೆಟ್ಟ!” ಅಂದರೆ ಕೇಳುಗರು ಹೊಟ್ಟೆ ಹಿಡಿದು ಬೀಳುತ್ತಿದ್ದರು. ಪ್ರಿನ್ಸಿಪಾಲರ ಕೆಮ್ಮು, ಕಾವಲುಗಾರನ ಗೊರಕೆ, ಆಂಟಿ ಅಬಾಳ ಸೀನು — ಎಲ್ಲಕ್ಕೂ ಅವನಲ್ಲಿ ನಕಲು ಪ್ರತಿಯಿತ್ತು. ಈಗ ಅವನದೇ ನಕಲು ಬಂದಿದೆ ಎಂದರೆ ಯಾರು ನಂಬುತ್ತಾರೆ?

“ಹನ್ನೆರಡು ಗಂಟೆಗೆ ಪ್ರಿನ್ಸಿಪಾಲರಿಗೆ ಪತ್ರ ಕೊಡ್ತೀನಿ,” ಎಂದರು ಮೇಷ್ಟ್ರು. ದನಿಯಲ್ಲಿ ಸಿಟ್ಟಿಗಿಂತ ಬೇಸರವೇ ಹೆಚ್ಚಿತ್ತು. “ಬೇರೆ ದಾರಿ ಕಾಣಿಸ್ತಿಲ್ಲ.”

“ಸರ್, ಒಂದು ನಿಮಿಷ!”

ಎದ್ದವಳು ಎಕುವಾ. ಕಡಲತೀರದ ಹುಡುಗಿ, ದೋಣಿಯವರ ಮನೆಯವಳು. ಪಾಠದಲ್ಲಿ ಅಷ್ಟಕ್ಕಷ್ಟೆ, ಆದರೆ ಕಂಡದ್ದನ್ನು ಎರಡು ಸಲ ಕೇಳುವ ಚಾಳಿ. ಚೀಟಿಯನ್ನು ಇಸಿದುಕೊಂಡು ನೋಡಿದಳು. ಅವಳ ಹುಬ್ಬು ಮೇಲೇರಿತು. ಇಳಿಯಲೇ ಇಲ್ಲ.

“ಸರ್, ಬೊನ್ಸೂನ ನಾಲ್ಕು ಮಾತು ಕೇಳಲಾ?”

ಬೊನ್ಸು ತರಗತಿಗೇ ಮೊದಲಿಗ, ಕುಮಾಸಿಯವನು. ಹಣದ ಡಬ್ಬಿ, ನಗದು ಪುಸ್ತಕ ಎರಡೂ ಅವನ ವಶ. ಇಸ್ತ್ರಿ ಅಂಗಿಯ ಕಾಲರು ಎಳೆದುಕೊಂಡು ಎದ್ದ. “ಕೇಳು. ಮುಚ್ಚಿಡೋಕೆ ಏನಿದೆ?”

“ದುಡ್ಡು ಕೊಟ್ಟಿದ್ದು ನೀನೇನಾ?”

“ಹೌದು. ವೋಚರ್ ತಂದ, ಕೊಟ್ಟೆ. ಅವತ್ತೇ ಬರೆದೆ.”

“ಮೀನು ಕಣ್ಣಾರೆ ನೋಡಿದ್ಯಾ? ಅಥವಾ ಬರೀ ಚೀಟಿನಾ?”

ಬೊನ್ಸು ಮತ್ತೊಮ್ಮೆ ಕಾಲರು ಎಳೆದುಕೊಂಡ. “ನೋಡ್ದೆ. ನೋಡದೆ ಕೊಡ್ತೀನಾ? ಬೇಸಿನ್ ತುಂಬಾ ಇತ್ತು.”

“ಐಸಿನ ಮೀನಾ? ಹೊಗೆ ಹಾಕಿದ್ದಾ?”

“ಹಸೀದು ಕಣೇ! ಆಗ್ತಾನೆ ದೋಣಿಯಿಂದ ಇಳಿಸಿದ್ದು. ಇನ್ನೂ ಒದ್ದಾಡ್ತಿತ್ತು. ನೀರು ನನ್ನ ಬೂಟಿನ ಮೇಲೆ ಬಿತ್ತು.”

“ಅಯ್ಯೋ, ಹೊಸ ಬೂಟಾ?”

“ಹೊಸದೇ!”

“ಸುಳ್ಳು!” ವುಂಪಿನಿ ಕೂಗಿದ. “ನಾನು ಸೋಮವಾರ, ಶುಕ್ರವಾರ ಬಿಟ್ರೆ ತೀರಕ್ಕೇ ಹೋಗಲ್ಲ. ಆಂಟಿ ಹೇಳಿರೋದೇ ಆ ಎರಡು ದಿನ.”

“ಸಾಕು ಕೂತ್ಕೊಳ್ಳೋ,” ಎಂದಳು ಎಕುವಾ. ಅವಳ ಕಣ್ಣುಗಳು ಹೊಳೆಯುತ್ತಿದ್ದವು. “ಸರ್, ಹನ್ನೆರಡಕ್ಕೆ ಇನ್ನೂ ಮುಕ್ಕಾಲು ಗಂಟೆ ಇದೆ. ಇವನನ್ನ ಸ್ವಲ್ಪ ಹೊತ್ತು ಸಾಲ ಕೊಡಿ, ವಾಪಸ್ ತಂದು ಜಮಾ ಮಾಡ್ತೀನಿ.”

ತೀರಕ್ಕೆ ಹತ್ತು ನಿಮಿಷದ ದಾರಿ. ಎಕುವಾ ನಡೆಯಲಿಲ್ಲ, ಓಡಿದಳು. ಹಿಂದೆ ಏದುಸಿರು ಬಿಡುತ್ತ ವುಂಪಿನಿ.

“ಮಾಮೆ ಟಾಚಿವಾ ಹೆಬ್ಬೆಟ್ಟು ಒತ್ತಿಲ್ಲ ಅಂದ್ಬಿಟ್ರೆ ನಾನು ಬಚಾವು, ಅಲ್ವಾ?”

“ಅಂದ್ರೂ ಪ್ರಯೋಜನ ಇಲ್ಲ. ಹೆಬ್ಬೆಟ್ಟು ನೀನೇ ಒತ್ತಿಕೊಂಡೆ ಅಂತಾರೆ.”

“ಮತ್ಯಾಕೆ ಓಡ್ತಿದೀವಿ?”

“ನಿನಗೆ ತೋರಿಸೋಕೆ. ಮುಚ್ಕೊಂಡು ಓಡು!”

ಮರಳಿನ ಮೇಲೆ ಬಣ್ಣಬಣ್ಣದ ದೋಣಿಗಳು ಒಂದಕ್ಕೊಂದು ಒರಗಿ ಮಲಗಿದ್ದವು. ಗಂಡಸರು ಬಲೆ ಹರಡಿಕೊಂಡು ಹರಿದಲ್ಲಿ ಹೊಲಿಯುತ್ತಿದ್ದರು. ಇಬ್ಬರು ಪಗಡೆಯಂಥ ಆಟದಲ್ಲಿ ಕಾಯಿಗಳನ್ನು ಹಲಗೆಗೆ ಕುಟ್ಟಿ ಜಗಳವಾಡುತ್ತಿದ್ದರು. ವುಂಪಿನಿಗೆ ಇದು ತಾನು ಕಂಡ ತೀರವೇ ಅನಿಸಲಿಲ್ಲ. ಅವನು ಬರುವ ದಿನ ಇಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕೂಗು, ತಳ್ಳಾಟ, ಮೀನಿನ ಚಿಪ್ಪು.

ಮಾಮೆ ಟಾಚಿವಾ ನೆರಳಲ್ಲಿ ಕೂತು ಮೊಮ್ಮಗಳ ಜಡೆ ಹೆಣೆಯುತ್ತಿದ್ದಳು.

“ಮಾಮೆ, ಒಂದು ಬೇಸಿನ್ ಹಸಿ ಬೂತಾಯಿ ಕೊಡ್ತೀರಾ?” ಎಂದಳು ಎಕುವಾ, ಮಗುವಿನ ಮುಖ ಮಾಡಿಕೊಂಡು.

ಮಾಮೆಯ ಕೈ ನಿಂತಿತು. “ಏನಂದೆ? ಇವತ್ತು ಬಂದು ಹಸಿ ಮೀನು ಕೇಳ್ತೀಯಾ? ದೋಣಿಯವನ ಹೊಟ್ಟೇಲಿ ಹುಟ್ಟಿ? ಈ ಬಡಗಣ ದೇಶದ ಹುಡುಗ ಕೇಳಿದ್ರೆ ಬುದ್ಧಿ ಹೇಳ್ತಿದ್ದೆ. ನಿನಗೆ ಸೌಟಲ್ಲಿ ಬಾರಿಸ್ಬೇಕು! ನಡಿ ಆಚೆ!”

ಬೈಸಿಕೊಂಡ ಎಕುವಾ ಬಹುಮಾನ ಸಿಕ್ಕವಳಂತೆ ನಕ್ಕಳು. “ಕೇಳಿಸ್ತೇನೋ? ಇದೇ ಬೇಕಿತ್ತು. ನಡಿ, ಓಡು!”

“ಏನು ಕೇಳಿಸ್ತು? ಬೈಗಳ ತಾನೆ?”

ತರಗತಿಗೆ ಅವರು ಮರಳಿದಾಗ ಹನ್ನೆರಡಕ್ಕೆ ಇನ್ನೂ ಕಾಲು ಗಂಟೆ ಉಳಿದಿತ್ತು. ಮೇಜಿನ ಮೇಲೆ ಪತ್ರ ಸಿದ್ಧವಾಗಿತ್ತು, ಸಹಿಯೊಂದು ಬಾಕಿ. ಆಂಟಿ ಅಬಾ ಕೂಡ ಬಾಗಿಲಿಗೆ ಆತುಕೊಂಡಿದ್ದಳು.

“ಸರ್,” ಎಕುವಾ ಮೂಗಿನ ಮೇಲಿನ ಬೆವರು ಒರೆಸಿಕೊಂಡಳು, “ಈ ಚೀಟೀಲಿ ಎಲ್ಲರೂ ಏನು ನೋಡಿದ್ರಿ? ಮೊತ್ತ. ಸಹಿ. ಹೆಬ್ಬೆಟ್ಟು. ಯಾರೂ ನೋಡದ ಕಾಲಮ್ ಒಂದಿದೆ — ತಾರೀಖು.”

“ಹದಿನಾಲ್ಕು. ಅದರಲ್ಲೇನಿದೆ?”

“ಇವತ್ತು ಇಪ್ಪತ್ತೊಂದು. ಇವತ್ತು ಯಾವ ವಾರ ಸರ್?”

“ಮಂಗಳವಾರ.”

“ಹಾಗಾದ್ರೆ ಹದಿನಾಲ್ಕು?”

ಕ್ವಾನ್ಸಾ ಮೇಷ್ಟ್ರ ಬಾಯಿ ತೆರೆಯಿತು. ಬಾಗಿಲಲ್ಲಿ ಆಂಟಿ ಅಬಾ ಹಣೆ ಚಚ್ಚಿಕೊಂಡಳು. “ಅಯ್ಯೋ ನನ್ನ ಬುದ್ಧಿಗಿಷ್ಟು! ಮಂಗಳವಾರ!”

“ಏನು ಮಂಗಳವಾರ?” ವುಂಪಿನಿ ಎಲ್ಲರ ಮುಖ ನೋಡಿದ. “ಯಾರಾದ್ರೂ ಹೇಳ್ರೋ!”

“ಮಂಗಳವಾರ ಸಮುದ್ರ ದೇವರ ದಿನ ಕಣೋ. ನಮ್ಮ ತೀರದಲ್ಲಿ ಒಂದು ದೋಣೀನೂ ನೀರಿಗಿಳಿಯಲ್ಲ. ಇಳಿದೋನಿಗೆ ದಂಡ, ಬಲೆ ಜಪ್ತಿ. ನಮ್ಮಜ್ಜನ ಅಜ್ಜನ ಕಾಲದಿಂದ ಹಾಗೇ. ಸೋಮವಾರ, ಶುಕ್ರವಾರ ಅಂತ ಆಂಟಿ ನಿನಗೆ ಹೇಳಿದ್ರು, ಮಂಗಳವಾರ ಅಂತ ಯಾಕೆ ಹೇಳ್ಲಿಲ್ಲ? ಹೇಳೋ ಅಗತ್ಯವೇ ಇರಲಿಲ್ಲ. ಇಲ್ಲಿನೋರಿಗೆ ಅದು ಉಸಿರಾಡಿದ ಹಾಗೆ. ಈಗ ಮಾಮೆ ನನಗೆ ಬೈದಿದ್ದೂ ಅದಕ್ಕೇ.” ಅವಳು ತಿರುಗಿದಳು. “ಆವತ್ತು ಐಸಿನ ಮೀನು ಸಿಗ್ತಿತ್ತು, ಹೊಗೆ ಮೀನೂ ಸಿಗ್ತಿತ್ತು. ಅದಕ್ಕೇ ಎರಡನ್ನೂ ಕೇಳಿದೆ. ಆದ್ರೆ ಆಗ್ತಾನೆ ದೋಣಿಯಿಂದ ಇಳಿದು ಒದ್ದಾಡೋ ಮೀನು? ವುಂಪಿನಿ ಕಳ್ಳ ಚೀಟಿ ಬರೆದಿದ್ದ ಅಂತಲೇ ಇಟ್ಕೊಳ್ಳಿ. ಆಗ ಬೊನ್ಸು ಚೀಟಿ ಮಾತ್ರ ನೋಡಿರ್ತಿದ್ದ. ಇಲ್ಲದ ಮೀನು ಒದ್ದಾಡಿದ್ದನ್ನ, ಇಲ್ಲದ ನೀರು ಬೂಟಿನ ಮೇಲೆ ಬಿದ್ದಿದ್ದನ್ನ ನೋಡೋಕೆ ಒಬ್ಬನಿಗೆ ಮಾತ್ರ ಸಾಧ್ಯ — ಆ ಮೀನನ್ನ ಕಾಗದದ ಮೇಲೆ ಹುಟ್ಟಿಸಿದೋನಿಗೆ. ಬೊನ್ಸು, ಕುಮಾಸೀಲಿ ಸಮುದ್ರ ಇಲ್ಲ, ಅಲ್ವಾ?”

ನಲವತ್ತು ತಲೆಗಳು ಒಮ್ಮೆಗೇ ಹೊರಳಿದವು. ಬೊನ್ಸು ತನ್ನ ಬಲಗೈ ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಟ್ಟುಕೊಂಡಿದ್ದ. ತಾನು ಹಾಗೆ ಮಾಡಿದ್ದು ಅವನಿಗೇ ತಡವಾಗಿ ಗೊತ್ತಾಯಿತು.

“ಯಾಕಪ್ಪಾ?” ಮೇಷ್ಟ್ರ ದನಿ ಸಣ್ಣಗಾಗಿತ್ತು.

“ಗಿರಾಕಿಗಳು ಫೋನಲ್ಲಿ ಹಾಕೋ ದುಡ್ಡು ನನ್ನ ನಂಬರಲ್ಲೇ ಇರ್ತಿತ್ತು ಸರ್.” ಬೊನ್ಸು ನೆಲ ನೋಡುತ್ತಿದ್ದ. “ಹದಿನಾಲ್ಕರ ಬೆಳಿಗ್ಗೆ ಒಬ್ಬ ಫೋನ್ ಮಾಡಿದ. ತಪ್ಪಿ ನಿಮಗೆ ದುಡ್ಡು ಬಂದಿದೆ, ಅಮ್ಮ ಆಸ್ಪತ್ರೇಲಿದಾಳೆ, ವಾಪಸ್ ಕಳಿಸಿ ಅಣ್ಣಾ ಅಂತ ಅತ್ತ. ಸಂದೇಶಾನೂ ಬಂದಿತ್ತು. ಕಳಿಸ್ದೆ. ಆಮೇಲೆ ನೋಡಿದ್ರೆ ದುಡ್ಡು ಬಂದೇ ಇರಲಿಲ್ಲ. ಮರುದಿನ ನೀವು ನಗದು ಎಣಿಸೋರಿದ್ರಿ. ಲೆಕ್ಕದಲ್ಲಿ ಮೊದಲನೇ ಬರೋನು ಫೋನಲ್ಲಿ ಮೋಸ ಹೋದ ಅಂತ... ಹ್ಯಾಗ್ ಹೇಳ್ಲಿ ಸರ್? ಚೀಟಿ ಹುಟ್ಟಿಸ್ದೆ. ಲೆಕ್ಕ ಸರಿಹೋದ್ರೆ ಯಾರೂ ಕೇಳಲ್ಲ ಅಂದ್ಕೊಂಡೆ.”

“ನನ್ನ ಹೆಸರೇ ಯಾಕೋ?” ಎಂದ ವುಂಪಿನಿ.

ಬೊನ್ಸು ಹಣದ ಡಬ್ಬಿಯ ಬೀಗದಕೈ ತೆಗೆದು ಬೆಂಚಿನ ಮೇಲಿಟ್ಟ.

ಕ್ವಾನ್ಸಾ ಮೇಷ್ಟ್ರು ಪತ್ರವನ್ನು ಎಳೆದುಕೊಂಡು ವುಂಪಿನಿಯ ಹೆಸರಿನ ಮೇಲೆ ಗೀಟು ಎಳೆದರು — ಎರಡು ಸಲ, ಕಾಗದ ಹರಿಯುವಷ್ಟು ಬಲವಾಗಿ. ಬೊನ್ಸುವಿನ ಹೆಸರು ಬರೆಯಲು ಹೊರಟ ಪೆನ್ನು ಅಲ್ಲೇ ನಿಂತಿತು.

“ಅನ್ಯಾಯ ಆಗಿದ್ದು ನಿನಗೆ. ಏನು ಬರೀಲಿ ಹೇಳು.”

ವುಂಪಿನಿ ಮೇಜಿನ ಹತ್ತಿರ ಬಂದ. ಜೀವನದಲ್ಲಿ ಮೊದಲ ಸಲ ಯಾರ ದನಿಯನ್ನೂ ಎರವಲು ಪಡೆಯದೆ ಮಾತಾಡಿದ.

“ಬರೀರಿ ಸರ್. ಬರೀಲೇಬೇಕು. ಆದ್ರೆ ದುಡ್ಡು ಕದ್ದ ಅಂತ ಬರೀಬೇಡಿ. ದುಡ್ಡು ಕದ್ದೋನು ಬೇರೆ ಯಾರೋ. ಇವನು ಕದ್ದಿದ್ದು ನನ್ನ ಹೆಸರನ್ನ.”

ಮೇಷ್ಟ್ರು ಅವನು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡರು.