ಹೊಲಿಗೆಯಮ್ಮನ ಹೊಸ ಮಂಡಿ

ಆಕೆ ವಾಕರ್ ಊರಿಕೊಂಡು ಆಸ್ಪತ್ರೆಯ ವ್ಯಾಯಾಮದ ಕೋಣೆಗೆ ಬಂದ ಕ್ಷಣ, ಊರಿನ ಗಡಿಯಾರಗಳೆಲ್ಲ ನಿಂತುಬಿಟ್ಟವು! ಸೂರ್ಯ ಕೂಡ ತನ್ನ ಕೆಲಸ ಬಿಟ್ಟು ಕಿಟಕಿಯಲ್ಲಿ ಇಣುಕಿದ. ಸುಳ್ಳಾದರೆ ನನ್ನ ಮೂಗು ಉದುರಿಹೋಗಲಿ.

ಆಕೆ ಬಟ್ಟೆ ಹೊಲಿಯುವವಳು. ಗಂಡ ತೀರಿಕೊಂಡ ಮೇಲೆ ಹೊಲಿಗೆ ಯಂತ್ರವೇ ಜೊತೆ. ಸವೆದ ಮಂಡಿ ತೆಗೆಸಿ ಹೊಸದು ಹಾಕಿಸಿಕೊಂಡಿದ್ದಳು. ಅದು ಮಡಚಿದರೆ ತಾನೇ ಪೆಡಲ್ ತುಳಿಯುವುದು?

"ಅಯ್ಯಯ್ಯೋ... ಸತ್ತೆ!"

ಪಕ್ಕದ ಮಂಚದಿಂದ ಗಡಿಯಾರ ರಿಪೇರಿಯವನ ಕೂಗು. ಅವನದೂ ಹೊಸ ಮಂಡಿ. ಆ ಕೂಗಿಗೆ ಆಚೆ ಬೀದಿಯ ಹಾಲೆಲ್ಲ ಒಡೆದುಹೋಯಿತು!

'ಗಂಡಸಾಗಿ ಇಷ್ಟೊಂದು ರಂಪವೇ!' ಎಂದುಕೊಂಡಳು ಆಕೆ.

"ನೋವು ಹತ್ತಕ್ಕೆ ಎಷ್ಟಮ್ಮ?" ನರ್ಸ್ ಕೇಳಿದಳು.

"ಒಂದು."

ಊರಿನವರ ಅಳತೆಯನ್ನೆಲ್ಲ ತೆಗೆದವಳಿಗೆ ತನ್ನ ನೋವಿನ ಅಳತೆ ಹೇಳಲು ನಾಚಿಕೆ!

"ಸುಳ್ಳು ಸಿಸ್ಟರ್! ಎಂಟಾದ್ರೂ ಇದೆ," ಅಂದ ಗಡಿಯಾರದವನು.

"ನನ್ನ ನೋವು ಹೇಳೋಕೆ ನೀವ್ಯಾರ್ರೀ? ನಿಮ್ಮ ಹಾಗೆ ಊರಿಗೆಲ್ಲ ಕೇಳೋ ಹಾಗೆ ಅರಚಬೇಕಾ?"

ಅವನ ಮುಖ ಬಾಡಿತು. ಮರುದಿನದಿಂದ ಆ ಮಂಚದಿಂದ ಒಂದು ಮಾತೂ ಇಲ್ಲ. ಆಕೆಗೇಕೋ ಕೋಣೆಯೆಲ್ಲ ಖಾಲಿ ಖಾಲಿ...

ಆದರೆ ಅವನ ಕಾಲು ಸಲೀಸಾಗಿ ಮಡಚುತ್ತಿತ್ತು. ಆಕೆಯದು ಮರದ ಹಲಗೆ!

"ಹೀಗೇ ಬಿಟ್ರೆ ಮಂಡಿ ಬಿಗಿದುಬಿಡುತ್ತಮ್ಮ," ಫಿಸಿಯೋ ಮೇಡಂ ನಿಟ್ಟುಸಿರಿಟ್ಟರು. "ನೋವಿದೆ ಅಂದ್ರೆ ತಾನೇ ವ್ಯಾಯಾಮಕ್ಕೆ ಮುಂಚೆ ಮಾತ್ರೆ ಕೊಡೋದು? ಆಮೇಲೆ ಕಾಲೆತ್ತಿಟ್ಟು ಐಸ್ ಇಡ್ತೀವಿ. ಅವರಿಗೆ ಅಷ್ಟೇ ಮಾಡಿದ್ದು."

ಅಂದರೆ... ಅವನು ರಂಪ ಮಾಡಿದ್ದಲ್ಲ. ನಿಜ ಹೇಳಿದ್ದ!

"ಸಿಸ್ಟರ್... ಎಂಟು," ಅಂದಳು. ಅಷ್ಟು ದಿನ ಕಟ್ಟಿಟ್ಟ ಕಣ್ಣೀರು ಇಳಿಯಿತು.

ಮಾತ್ರೆ ಕೆಲಸ ಮಾಡಿದ ಮೇಲೆ ನೋವು ಪೂರ್ತಿ ಹೋಗಲಿಲ್ಲ; ಪಕ್ಕದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಿತು. ಕಣ್ಣು ಮುಚ್ಚಿದಳು. ಪಾದದ ಕೆಳಗೆ ಪೆಡಲ್ ತೂಗುತ್ತಿದೆ... ಸೂಜಿಯಡಿಯಿಂದ ನೀಲಿ ಬಟ್ಟೆ ಆಕಾಶದಂತೆ ಹರಿದು ಬರುತ್ತಿದೆ...

"ಮಡಚ್ತಲ್ಲ!" ಎಂದಿತು ಅವನ ದನಿ.

ಕಣ್ಣು ಬಿಟ್ಟಳು. ಹೌದು, ಮಂಡಿ ಮಡಚಿತ್ತು!

"ಎಂಟು ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ಮಂಚದ ಕಂಬಿ ಹಿಡಿದ ನಿಮ್ಮ ಬೆರಳು ಬೆಳ್ಳಗಾಗಿತ್ತು. ನಾನು... ನಿಮ್ಮನ್ನೇ ನೋಡ್ತಿದ್ದೆನಲ್ಲ."

ಆಕೆಯ ಎದೆಯಲ್ಲಿ ಏನೋ ಮೆತ್ತಗೆ ಕರಗಿತು.

ಆಗ ಗಡಿಯಾರದವನು ಸಿಂಹದಂತೆ ಎದ್ದು ನಿಂತ! ಆಕೆಯ ಕೈ ಹಿಡಿದು, "ನನ್ನವಳಾಗು!" ಎಂದು ಗುಡುಗಿದ. ಆಕೆ ನಾಚಿ ನೀರಾಗಿ...

ಹೊಲಿಗೆ ಯಂತ್ರದ ಸದ್ದು ನಿಂತಿತು.

"ಏನ್ರೀ ಬರೀತಿದ್ದೀರಾ? ಸಿಂಹನಾ? ಯಾರು, ನೀವಾ?" ನನ್ನ ಹೆಗಲ ಹಿಂದಿನಿಂದ ಆಕೆಯ ದನಿ.

"ಕಥೆಗೆ ಸ್ವಲ್ಪ ಒಗ್ಗರಣೆ ಬೇಡ್ವೇನೇ..."

"ನಿಜ ಬರೀರಿ."

ಸರಿ, ಸಿಕ್ಕಿಬಿದ್ದೆ. ಗಡಿಯಾರದವನು ನಾನೇ. ಅವತ್ತು ನನ್ನ ನಾಲಿಗೆಯೇ ಹೊರಳಲಿಲ್ಲ. ಆಕೆಯೇ ವಾಕರ್ ತಳ್ಳಿಕೊಂಡು ನನ್ನ ಮಂಚದ ಬಳಿ ಬಂದಳು. "ನಾಳೆ ಮನೆಗೆ ಹೋಗು ಅಂತಿದ್ದಾರೆ. ನೀವಿಲ್ದೆ ಹೋಗೋಕೆ ನಂಗೆ ನೋವಾಗುತ್ತೆ. ಜೊತೆಗೆ ಇರ್ತೀರಾ?" ಎಂದಳು. ಯಾರೂ ಕೇಳದೆಯೇ ಆಕೆ ಹೇಳಿಕೊಂಡ ಮೊದಲ ನೋವು ಅದು.

"ಅದಕ್ಕೆ ನೀವೇನಂದ್ರಿ?"

"ಅನ್ನೋದೇನು, ಅತ್ತುಬಿಟ್ಟೆ."

"ಈಗ್ಯಾಕೆ ಅಳ್ತಿದ್ದೀರಾ ಮತ್ತೆ?"

"ಅಳ್ತಿಲ್ಲ ಕಣೇ..."

"ಸುಳ್ಳ!" ಎಂದು ನಕ್ಕು, ಹೊಲಿಯುತ್ತಿದ್ದ ಬಟ್ಟೆಯ ತುದಿಯಲ್ಲೇ ನನ್ನ ಕಣ್ಣೊರೆಸಿದಳು.